ಲ್ಯಾಮಿನೇಶನ್ ಯಂತ್ರ ಕಲಿಯುವವರಿಗೆ ನಾಲ್ಕು ಮಾತು



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು – ನಮ್ಮ ದಾವಣಗೆರೆ ಜಿಲ್ಲೆಯ ಈ ನಾಲ್ಕು ಊರುಗಳಲ್ಲಿ ಯಾವ ಪೇಟೆ ಬೀದಿಗೆ ಹೋದರೂ ಅಂಗಡಿ, ಆಸ್ಪತ್ರೆ, ಶಾಲೆಗಳ ಬಣ್ಣದ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ನಮ್ಮ ಹುಡುಗರಲ್ಲಿ ಕೆಲವರು ಇವುಗಳನ್ನು ತಯಾರಿಸುವ ಪ್ರಿಂಟಿಂಗ್ ಅಂಗಡಿಗಳಿಗೆ ಕೆಲಸಕ್ಕೆ ಸೇರುತ್ತಾರೆ. ಹೊಸಬರನ್ನು ಬೇಗ ನಿಲ್ಲಿಸುವುದು ದೊಡ್ಡ ಅಗಲದ ಕೋಲ್ಡ್ ಲ್ಯಾಮಿನೇಶನ್ ಯಂತ್ರದ ಮುಂದೆ. "ರೋಲರ್ ನಡುವೆ ತಳ್ಳಿದರಾಯಿತು, ಅದರಲ್ಲೇನಿದೆ?" ಎನ್ನುವವರೇ ಹೆಚ್ಚು. ಅದರಲ್ಲಿ ಏನಿದೆ ಎಂಬುದನ್ನೇ ನಿಮ್ಮ ಮುಂದೆ ಹೇಳಬಯಸುತ್ತೇನೆ.

ಗುರುತಿನ ಚೀಟಿಗೆ ಮಾಡಿಸುವ ಸಣ್ಣ ಲ್ಯಾಮಿನೇಶನ್‌ನಲ್ಲಿ ಶಾಖಕ್ಕೆ ಅಂಟು ಕರಗಿ ಹಿಡಿಯುತ್ತದೆ. ಕೋಲ್ಡ್ ಲ್ಯಾಮಿನೇಶನ್‌ಗೆ ಆ ಶಾಖ ಬೇಕಿಲ್ಲ. ಪಾರದರ್ಶಕ ಫಿಲ್ಮಿನ ಒಂದು ಬದಿಗೆ ಮೊದಲೇ ಅಂಟು ಇರುತ್ತದೆ. ಆ ಅಂಟಿಗೆ ಸಿಲಿಕೋನ್ ಲೇಪಿಸಿದ ಕಾಗದ ಹೊದಿಸಿರುತ್ತಾರೆ. ಯಂತ್ರ ತಿರುಗುವಾಗ ಕಾಗದ ಬಿಚ್ಚಿಕೊಂಡು ಬೇರೆ ಕೊಳವೆಗೆ ಸುತ್ತಿಕೊಳ್ಳುತ್ತದೆ. ಫಿಲ್ಮು ಎರಡು ರಬ್ಬರ್ ರೋಲರುಗಳ ಒತ್ತಡದಿಂದ ಮುದ್ರಣದ ಮೇಲೆ ಕೂರುತ್ತದೆ. ಇದರಿಂದ ಬಿಸಿಲು, ಧೂಳು, ಗೀರುಗಳಿಂದ ಬಣ್ಣಕ್ಕೆ ರಕ್ಷಣೆ ಸಿಗುತ್ತದೆ.

"ನೋಡಿ ಕಲಿ, ಮಾಡಿ ತಿಳಿ" ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ನೋಡುವಾಗ 'ಏಕೆ' ಎಂದು ಕೇಳದಿದ್ದರೆ ಮಾಡುವಾಗ ಕೆಡುತ್ತದೆ. ಸಾಲ್ವೆಂಟ್ ಶಾಯಿಯ ಮುದ್ರಣವನ್ನು ಸಾಮಾನ್ಯವಾಗಿ ಕನಿಷ್ಠ 24 ಗಂಟೆ, ಬಿಗಿಯಾಗಿ ಸುತ್ತದೆ, ಆರಲು ಬಿಡಬೇಕು. ಏಕೆ? ಮುಟ್ಟಿದರೆ ಒಣಗಿದಂತೆ ಕಂಡರೂ ಶಾಯಿಯ ದ್ರಾವಕ ಒಳಗೆ ಉಳಿದಿರುತ್ತದೆ. ಮೇಲೆ ಫಿಲ್ಮು ಮುಚ್ಚಿದರೆ ಅದು ಹೊರಹೋಗಲಾರದೆ ಅಂಟು ಸಡಿಲವಾಗುತ್ತದೆ, ಗುಳ್ಳೆ ಏಳುತ್ತದೆ. ರೋಲರಿನ ಎರಡೂ ತುದಿಗಳ ಒತ್ತಡ ಸಮನಾಗಿರಬೇಕು. ಏಕೆ? ಒಂದು ಕಡೆ ಹೆಚ್ಚಾದರೆ ಹಾಳೆ ಓರೆಯಾಗಿ ಸುಕ್ಕು ಬೀಳುತ್ತದೆ. ಫಿಲ್ಮನ್ನು ಅತಿಯಾಗಿ ಬಿಗಿದರೆ ಅದು ಹಿಗ್ಗಿ ಅಂಟಿಕೊಂಡು, ಆಮೇಲೆ ಕುಗ್ಗುತ್ತಾ ಬೋರ್ಡಿನ ಅಂಚನ್ನು ಸುರುಳಿ ಮಾಡುತ್ತದೆ. ರೋಲರಿನ ಮೇಲೆ ಬ್ಲೇಡು ಇಟ್ಟು ಫಿಲ್ಮು ಕತ್ತರಿಸಬಾರದು. ಆ ಗಾಯ ಮುಂದಿನ ಕೆಲಸಗಳ ಮೇಲೆಲ್ಲ ಮೂಡಬಹುದು. ಕೆಲಸ ಮುಗಿದ ಮೇಲೆ ಮೇಲಿನ ರೋಲರನ್ನು ಎತ್ತಿಡಬೇಕು, ಇಲ್ಲದಿದ್ದರೆ ರಬ್ಬರು ಒಂದೇ ಕಡೆ ಒತ್ತಿ ಚಪ್ಪಟೆಯಾಗುತ್ತದೆ. ಎಲ್ಲಕ್ಕಿಂತ ಮೊದಲು, ತುರ್ತಾಗಿ ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಕೇಳಿ ತಿಳಿಯಿರಿ. ಉಂಗುರ, ಸಡಿಲ ತೋಳು, ಇಳಿಬಿದ್ದ ದುಪಟ್ಟಾ ರೋಲರಿನ ಹತ್ತಿರ ಬರಕೂಡದು.

ಇನ್ನು ಲೆಕ್ಕದ ಮಾತು. 50 ಇಂಚು ಅಗಲ, 50 ಮೀಟರ್ ಉದ್ದದ ಒಂದು ರೋಲು ಎಂದುಕೊಳ್ಳಿ. ಉದ್ದ ಸುಮಾರು 164 ಅಡಿ. 4 ಅಡಿ ಅಗಲ, 8 ಅಡಿ ಉದ್ದದ ಬೋರ್ಡುಗಳು ಎಷ್ಟಾಗುತ್ತವೆ? 164ನ್ನು 8ರಿಂದ ಭಾಗಿಸಿ 20 ಎನ್ನುತ್ತೀರಿ. ಆದರೆ ಪ್ರತಿ ಬೋರ್ಡಿನ ಹಿಂದೆ ಮುಂದೆ ಸೇರಿ 1 ಅಡಿ ಫಿಲ್ಮು ಕತ್ತರಿಸಿ ಹೋದರೆ ಆಗುವುದು 18 ಮಾತ್ರ. 20 ಬೋರ್ಡಿಗೆ ಒಂದೇ ರೋಲು ಸಾಕೆಂದು ಮಾಲೀಕರಿಗೆ ಹೇಳಿದ ಹುಡುಗನ ಗತಿಯೇನು? ಹಾಳಾದ ಫಿಲ್ಮಿನ ಹಣವನ್ನು ಸಂಬಳದಲ್ಲಿ ಮುರಿದುಕೊಳ್ಳುವ ಕಡೆ, ಏಳನೇ ತರಗತಿಯ ಗಣಿತವೇ ಅವನ ಅನ್ನವನ್ನು ಕಾಯುತ್ತದೆ.

ಭಾಷಾ ಶಿಕ್ಷಕನಾಗಿ ನಾನು ಮುಖ್ಯವಾಗಿ ಹೇಳಬೇಕಾದದ್ದು ಇನ್ನೊಂದಿದೆ. ಒಂದು ಕಂಪ್ಯೂಟರಿನಲ್ಲಿ ನುಡಿ ಅಕ್ಷರದಲ್ಲಿ ಮಾಡಿದ ಕನ್ನಡ, ಆ ಅಕ್ಷರವಿಲ್ಲದ ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಒತ್ತಕ್ಷರ ಜಾರುವುದೂ ಉಂಟು. ಉರ್ದು ಬೆಂಬಲವಿಲ್ಲದ ತಂತ್ರಾಂಶಕ್ಕೆ ಉರ್ದು ಹಾಕಿದರೆ ಕೂಡಿರಬೇಕಾದ ಅಕ್ಷರಗಳು ಬಿಡಿಬಿಡಿಯಾಗಿ, ಬಲದಿಂದ ಎಡಕ್ಕೆ ಸಾಗಬೇಕಾದ ಸಾಲು ಎಡದಿಂದ ಬಲಕ್ಕೆ ತಿರುಗಿಬಿಡುತ್ತದೆ. ಹಿಂದೆ ಉರ್ದು ಪತ್ರಿಕೆಗಳಿಗೆ ಕಾತಿಬರು ಕೈಯಾರೆ ಬರೆಯುತ್ತಿದ್ದರು. ಬರೆಯುವವರೇ ಓದುವವರೂ ಆಗಿದ್ದರು. 1981ರಲ್ಲಿ ನೂರಿ ನಸ್ತಲೀಖ್ ಬಂದು ನಸ್ತಲೀಖ್ ಬರಹ ಕಂಪ್ಯೂಟರಿಗೆ ಇಳಿಯಿತು. ಈಗ ಓದಲು ಬಾರದವರೂ ಉರ್ದು ಬೋರ್ಡನ್ನು ಮುದ್ರಿಸಬಲ್ಲರು. ಹಾಗಾದರೆ ತಪ್ಪನ್ನು ತಡೆಯುವವರು ಯಾರು? ಲ್ಯಾಮಿನೇಶನ್ ಯಂತ್ರದ ಮುಂದೆ ನಿಂತವರು. ಫಿಲ್ಮು ಅಂಟಿದ ಮೇಲೆ ತಿದ್ದುಪಡಿ ಇಲ್ಲ. ಮುದ್ರಣವೂ ಫಿಲ್ಮೂ ಎರಡೂ ದಂಡ. ಎರಡು ಲಿಪಿ ಓದಬಲ್ಲ ನೀವು ಆ ಅಂಗಡಿಯಲ್ಲಿ ಬರೀ ಕೂಲಿಯಾಳಲ್ಲ, ಆ ಬೋರ್ಡಿನ ಕೊನೆಯ ಪರೀಕ್ಷಕರು.

ಈ ಕಸುಬು ಬದಲಾಗುತ್ತಲೂ ಇದೆ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರುಗಳಿಗೆ ದೇಶದಾದ್ಯಂತ ನಿಷೇಧ ಬಂತು. ಒಂದೇ ಗುಂಡಿ ಒತ್ತಲು ಕಲಿತವರಿಗೆ ಇಂತಹ ಬದಲಾವಣೆ ಭಯ ತರುತ್ತದೆ. ಅಳತೆ, ಅಕ್ಷರ, ಕಾರಣ ಮೂರನ್ನೂ ಕಲಿತವರು ಬಟ್ಟೆಯ ಮೇಲಾಗಲಿ, ಲೋಹದ ತಗಡಿನ ಮೇಲಾಗಲಿ ಹೊಸ ಕೆಲಸ ಕಲಿಯಬಲ್ಲರು.

ಆದ್ದರಿಂದ ಪೋಷಕರಲ್ಲಿ ನನ್ನ ವಿನಂತಿ: ಮಕ್ಕಳನ್ನು ಓದು ಬಿಡಿಸಿ ಅಂಗಡಿಗೆ ಕಳುಹಿಸಬೇಡಿ, ಓದಿದವರು ಅಂಗಡಿಗೆ ಹೋದರೆ ಕೀಳೆಂದು ಭಾವಿಸಬೇಡಿ. ಸಂಸ್ಥೆಯವರು ಬೇಸಿಗೆ ರಜೆಯಲ್ಲಿ ಒಂದು ವಾರ, ಹುಡುಗರಿಗೂ ಹುಡುಗಿಯರಿಗೂ, ಅಳತೆ, ಕನ್ನಡ-ಉರ್ದು ಬೆರಳಚ್ಚು, ಕರಡು ತಿದ್ದುವಿಕೆ ಹಾಗೂ ಯಂತ್ರದ ಪರಿಚಯದ ಶಿಬಿರ ನಡೆಸಲಿ. ಅಕ್ಷರ ಕಲಿಸಲು ನಮ್ಮಂಥ ಶಿಕ್ಷಕರಿದ್ದೇವೆ. ಯಂತ್ರ ತೋರಿಸಲು ಸದಸ್ಯರಲ್ಲಿ ಅಂಗಡಿ ಇಟ್ಟವರು ಮುಂದೆ ಬರಲಿ.

ವಿದ್ಯಾರ್ಥಿಗಳೇ, ನಿಮಗೆ ಹೇಳುವುದಿಷ್ಟೇ: ಸ್ವಿಚ್ಚು ಒತ್ತುವ ಮುನ್ನ ಬೋರ್ಡನ್ನು ಒಮ್ಮೆ ಪೂರ್ತಿಯಾಗಿ ಓದಿ.