ಪ್ಲಗ್ಗಿನ ಮುಖ ಓದೋಣ



ನೀವು ಈಗ ಓದಲಿಕ್ಕೆ ಕಲಿತೀರಿ. ಬಸ್ಸಿನ ಬೋರ್ಡು ಓದ್ತೀರಿ. ರೇಶನ್ ಅಂಗಡಿಯ ಚೀಟಿ ಓದ್ತೀರಿ. ಇವತ್ತು ಇನ್ನೊಂದು ಓದು ಕಲಿಯೋಣ. ಹಳೆಯ ಗಾಡಿ ಯಾಕೆ ಚಾಲೂ ಆಗೂದಿಲ್ಲ ಎಂಬುದನ್ನು ಓದೋಣ.

"ಗಾಡಿ ರಿಪೇರಿ ಗಂಡಸರ ಕೆಲಸ, ನಮಗ್ಯಾಕ ಬೇಕ್ರಿ?" ಅಂತ ಕೇಳಬಹುದು. ಬೇಕು. ಆಳಂದ, ಅಫಜಲಪುರ, ಜೇವರ್ಗಿ ಕಡೆ ಹಳ್ಳಿಗಳಲ್ಲಿ ಇನ್ನೂ ಹಳೆಯ ಮೊಪೆಡ್ ಗಾಡಿ ಇವೆ. ಹಾಲಿನ ಕ್ಯಾನು, ಕಾಯಿಪಲ್ಲೆ ಬುಟ್ಟಿ, ತೊಗರಿ ಚೀಲ ಅದರ ಮೇಲೇ ಸಂತೆಗೆ ಹೋಗ್ತವೆ. ಕೂಸಿಗೆ ಜ್ವರ ಬಂದರೆ ದವಾಖಾನೆಗೂ ಅದೇ ಗಾಡಿ. ಗಾಡಿ ನಿಂತರೆ ಆ ದಿನದ ದುಡಿಮೆ ಹೋಯಿತು. "ಕಾಯಿಲ್ ಸುಟ್ಟದ, ಹೊಸದು ಹಾಕಬೇಕು" ಅಂತ ಯಾರಾದರೂ ಅಂದರೆ, ಖರೆಯೋ ಸುಳ್ಳೋ ತಿಳಿಯದೆ ರೊಕ್ಕ ಎಣಿಸಿ ಕೊಡ್ತೀವಿ. ರೊಕ್ಕ ಕೊಡುವ ಮೊದಲು ನಾಲ್ಕು ಮಾತು ಕೇಳಲಿಕ್ಕೆ ಬರಬೇಕು.

ಒಲೆ ಹೊತ್ತಲು ಏನು ಬೇಕು? ಕಟ್ಟಿಗೆ, ಗಾಳಿ, ಬೆಂಕಿ ಕಡ್ಡಿ. ಎಂಜಿನ್ನಿಗೂ ಮೂರೇ ಬೇಕು. ಪೆಟ್ರೋಲ್, ಗಾಳಿ, ಕಿಡಿ. ಕಿಡಿ ಕೊಡುವುದು ಪ್ಲಗ್. ನೀವು ಪೆಡಲ್ ತುಳಿದಾಗ ಒಳಗೆ ಮ್ಯಾಗ್ನೆಟ್ ತಿರುಗುತ್ತದೆ. ಅದು ಕಾಯಿಲಿನಲ್ಲಿ ಕರೆಂಟ್ ಹುಟ್ಟಿಸುತ್ತದೆ. ಪಾಯಿಂಟ್ ಅಂದರೆ ಎರಡು ಸಣ್ಣ ತುಟಿ ಇದ್ದ ಹಾಗೆ. ಅವು ತೆರೆದ ಕೂಡಲೇ ಜೋರು ಕರೆಂಟ್ ವಾಯರಿನಿಂದ ಪ್ಲಗ್ಗಿಗೆ ಬಂದು ಕಿಡಿಯಾಗಿ ಜಿಗಿಯುತ್ತದೆ. ಮನೆಯ ಕರೆಂಟ್ 230 ವೋಲ್ಟ್. ಇದು 10,000 ವೋಲ್ಟಿಗೂ ಹೆಚ್ಚು. ಅದಕ್ಕೆ ಬರಿಗೈಲೆ ಮುಟ್ಟಬಾರದು.

ಈಗ ಒಂದೊಂದಾಗಿ ನೋಡೋಣ. ಈ ಸಾಲು ಬಿಡಬೇಡ್ರಿ.

ಒಂದು. ಟಾಕಿಯಲ್ಲಿ ಪೆಟ್ರೋಲ್ ಅದನೋ ಇಲ್ಲೋ? ಪೆಟ್ರೋಲ್ ಕಾಕ್ ತೆರೆದದನೋ? ಸ್ವಿಚ್ ಇದ್ದರೆ ಹಾಕಿದ್ದೀರೋ?

ಎರಡು. ಪ್ಲಗ್ಗಿನ ತಲೆ ಮೇಲಿನ ಕ್ಯಾಪ್ ಗಟ್ಟಿಯಾಗಿ ಕೂತದನೋ? ವಾಯರು ಹರಿದಿದೆಯೋ? ಇಲಿ ಕಡಿದಿದೆಯೋ? ಮಳೆಗಾಲದಲ್ಲಿ ನಮ್ಮ ಎರೆ ಮಣ್ಣಿನ ಕೆಸರು, ನೀರು ಕ್ಯಾಪಿನೊಳಗೆ ಹೋಗ್ತದ. ಆಗ ಕಿಡಿ ದಾರಿ ತಪ್ಪುತ್ತದೆ. ಒಣ ಬಟ್ಟೆಯಿಂದ ಒರೆಸಿರಿ. ಇದಕ್ಕೆ ಪೈಸೆ ಖರ್ಚಿಲ್ಲ.

ಮೂರು. ಎಂಜಿನ್ ಆರಿದ ಮೇಲೆ ಪ್ಲಗ್ ಪಾನಾದಿಂದ ಪ್ಲಗ್ ಬಿಚ್ಚಿರಿ. ಅದರ ಮುಖ ಓದ್ರಿ. ಚಹಾದಂಥ ಕಂದು ಬಣ್ಣ ಇದ್ದರೆ ಒಳ್ಳೇದು. ಒಣ ಮಸಿ ಕೂತಿದ್ದರೆ ಪೆಟ್ರೋಲ್ ಹೆಚ್ಚು, ಇಲ್ಲವೆ ಗಾಳಿ ಕಡಿಮೆ. ಎಣ್ಣೆ ಹಚ್ಚಿದಂತೆ ಜಿಡ್ಡಾಗಿದ್ದರೆ ಎಣ್ಣೆ ಹೆಚ್ಚು ಬೆರೆಸಿರಬಹುದು, ಇಲ್ಲವೆ ಕಿಡಿಯೇ ಬರುತ್ತಿಲ್ಲ. ಸುಣ್ಣದಂತೆ ಬೆಳ್ಳಗಿದ್ದರೆ ಎಂಜಿನ್ ಅತಿ ಕಾಯುತ್ತಿದೆ. ಎರಡು ತುದಿಗಳ ನಡುವೆ ಸಂದು ಇರಬೇಕು. ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಮಸಿಯಿಂದ ಆ ಸಂದು ಮುಚ್ಚಿದರೆ ಕಿಡಿ ಜಿಗಿಯೂದಿಲ್ಲ. ಮಸಿ ತೆಗೆದು ಒರೆಸಿರಿ.

ನಾಲ್ಕು. ಕಿಡಿ ನೋಡ್ರಿ. ಪೆಟ್ರೋಲ್ ಕಾಕ್ ಮುಚ್ಚಿರಿ. ಚೆಲ್ಲಿದ ಪೆಟ್ರೋಲ್ ಇದ್ದರೆ ಒರೆಸಿ, ಪೂರಾ ಆರಲಿ. ಬಿಚ್ಚಿದ ಪ್ಲಗ್ಗನ್ನು ಕ್ಯಾಪಿಗೆ ಹಾಕಿ, ಅದರ ಲೋಹದ ಮೈ ಎಂಜಿನ್ ಮೈಗೆ ತಾಗುವಂತೆ ಇಡ್ರಿ. ಪ್ಲಗ್ ಬಿಚ್ಚಿದ ತೂತಿನಿಂದ ದೂರ ಇರಲಿ. ಕೈ ದೂರ ಇರಲಿ. ಒಬ್ಬರು ಪೆಡಲ್ ತುಳಿಯಲಿ. ನೀಲಿ ಕಿಡಿ ಚಟ್ ಎಂದರೆ ಕಿಡಿ ಸರಿ ಇದೆ. ಆಗ ಪೆಟ್ರೋಲ್ ಬರುವ ದಾರಿ, ಕಾರ್ಬೊರೇಟರ್ ನೋಡಿಸಿರಿ. ಕೆಂಪು, ಹಳದಿ ಸಣ್ಣ ಕಿಡಿ ಬಂದರೆ ಕಿಡಿಗೆ ಬಲ ಇಲ್ಲ. ಕಿಡಿಯೇ ಇಲ್ಲದಿದ್ದರೆ ಇನ್ನೊಂದು ಒಳ್ಳೆಯ ಪ್ಲಗ್ ಹಾಕಿ ನೋಡ್ರಿ.

ಐದು. ಆಗಲೂ ಕಿಡಿ ಇಲ್ಲ ಅಂದರೆ ಮೇಸ್ತ್ರಿ ಕಡೆ ಹೋಗ್ರಿ. "ಮೊದಲು ಪಾಯಿಂಟ್ ನೋಡ್ರಿ ಅಣ್ಣ" ಅನ್ರಿ. ಪಾಯಿಂಟಿಗೆ ಹೊಲಸು ಕೂತಿದ್ದರೆ ಪಾಲಿಶ್ ಪೇಪರಿನಿಂದ ತಿಕ್ಕಿದರೆ ಸಾಕು. ಪಾಯಿಂಟ್ ಮತ್ತೆ ಮತ್ತೆ ಸುಟ್ಟರೆ ಕಂಡೆನ್ಸರ್ ಮೇಲೆ ಸಂಶಯ. ಗಾಡಿ ಕಾಯ್ದ ಮೇಲೆ ನಿಂತು, ಆರಿದ ಮೇಲೆ ಚಾಲೂ ಆದರೆ ಕಾಯಿಲ್ ಮೇಲೆ ಸಂಶಯ. ಏನೇ ಬದಲಿಸಿದರೂ ಹಳೆಯ ಸಾಮಾನು ಕೇಳಿ ತಗೊಳ್ರಿ. ಹೊಸ ಗಾಡಿಗಳಲ್ಲಿ ಪಾಯಿಂಟ್ ಇರೂದಿಲ್ಲ. ಅದರ ಕೆಲಸ ಎಲೆಕ್ಟ್ರಾನಿಕ್ ಡಬ್ಬಿ ಮಾಡ್ತದ. ಆದರೂ ಮೊದಲಿನ ನಾಲ್ಕು ಪಾಠದಲ್ಲಿ ಬಹಳಷ್ಟು ಬೇರೆ ಪೆಟ್ರೋಲ್ ಗಾಡಿಗೂ ಬರುತ್ತದೆ.

ಹೆಂಗಸರಿಗೆ ಇದು ಹೊಸ ಕೆಲಸ ಅಲ್ಲ. 1888ರಲ್ಲಿ ಜರ್ಮನಿ ದೇಶದಲ್ಲಿ ಬರ್ತಾ ಬೆಂಜ್ ಎಂಬ ತಾಯಿ ಇದ್ದಳು. ಗಂಡ ಕಾರ್ಲ್ ಬೆಂಜ್ ಮೋಟಾರು ಗಾಡಿ ಮಾಡಿದ್ದ. ಆಕೆ ಗಂಡನಿಗೆ ಹೇಳದೆ, ಇಬ್ಬರು ಮಕ್ಕಳನ್ನು ಕರಕೊಂಡು ಆ ಗಾಡಿಯಲ್ಲಿ ತವರಿಗೆ ಹೊರಟಳು. ಸುಮಾರು 100 ಕಿಲೋಮೀಟರ್ ದಾರಿ. ಆಳಂದದಿಂದ ಕಲಬುರಗಿಗೆ ಹೋಗಿ ಬಂದರೂ ಅಷ್ಟಾಗೂದಿಲ್ಲ. ನಡುದಾರಿಯಲ್ಲಿ ಎಣ್ಣೆ ಬರುವ ನಳಿಗೆ ಕಟ್ಟಿತು. ಟೋಪಿಯ ಪಿನ್ನಿನಿಂದ ಚುಚ್ಚಿ ತೆಗೆದಳು. ಕಿಡಿಯ ವಾಯರು ಸವೆದಿತ್ತು. ಕಾಲುಚೀಲ ಕಟ್ಟುವ ಪಟ್ಟಿಯನ್ನು ಅದಕ್ಕೆ ಸುತ್ತಿದಳು. ಗಾಡಿ ಮುಂದೆ ನಡೆಯಿತು. ಮೋಟಾರು ಗಾಡಿಯಲ್ಲಿ ಅಷ್ಟು ದೂರ ಮೊದಲು ಹೋದವಳು ಆ ತಾಯಿಯೇ.

ಅಕ್ಕಂದಿರೇ, ಎಲ್ಲ ರಿಪೇರಿ ನಾವೇ ಮಾಡಬೇಕು ಅಂತಲ್ಲ. ಮೇಸ್ತ್ರಿಗೆ ಅವರ ಕೂಲಿ ಕೊಡೋಣ. ಆದರೆ ಏನು ಕೆಟ್ಟಿತ್ತು, ಏನು ಹಾಕಿದರು, ಎಷ್ಟು ರೊಕ್ಕ ಆಯಿತು, ಇಷ್ಟನ್ನು ತಾರೀಖು ಹಾಕಿ ನಿಮ್ಮ ಪಟ್ಟಿಯಲ್ಲಿ ಬರೀರಿ. ಅದೇ ಸಾಮಾನು ಎರಡು ತಿಂಗಳಲ್ಲಿ ಮತ್ತೆ ಕೆಟ್ಟರೆ ಪಟ್ಟಿ ತೆಗೆದು ತೋರಿಸಿರಿ. ಬರೆದ ಮಾತಿಗೆ ಬೆಲೆ ಅದ. ಕಲಿತ ಅಕ್ಷರ ಹೀಗೆ ಮನೆಯ ರೊಕ್ಕ ಉಳಿಸ್ತದ.

ನಾಳೆ ಒಂದು ಹಳೆಯ ಪ್ಲಗ್ ತರ್ರಿ. ಎಲ್ಲರೂ ಕೂಡಿ ಅದರ ಮುಖ ಓದೋಣ.