ಹವಳದ ಸಾಕ್ಷ್ಯ
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)





ಕನ್ನಡದಲ್ಲಿ ಹವಳ, ಉರ್ದುವಿನಲ್ಲಿ ಮೂಂಗಾ, ಅರಬಿಯಲ್ಲಿ ಮರ್ಜಾನ್. ಸೂರಃ ರಹ್ಮಾನ್‌ನಲ್ಲಿ ಮುತ್ತಿನ ಜೊತೆ ಈ ಹೆಸರು ಬಂದಿರುವುದು ನಿಮಗೆಲ್ಲ ಗೊತ್ತು. ಉಂಗುರದಲ್ಲಿ ಹವಳ ನೋಡಿದ್ದೇವೆ. ಆದರೆ ಅದು ಸಣ್ಣ ಸಮುದ್ರಜೀವಿಗಳು ನೀರಿನ ಸುಣ್ಣದಿಂದ ಕಟ್ಟಿಕೊಳ್ಳುವ ಗೂಡು. ಜೀವಿ ಸತ್ತರೂ ಗೂಡು ಉಳಿಯುತ್ತದೆ. ಚಿಪ್ಪು, ಕೆಸರಿನ ಜೊತೆ ಗಟ್ಟಿಯಾಗಿ ಸುಣ್ಣಕಲ್ಲಾಗುತ್ತದೆ.

ಹೀಗಾಗಿ ಒಣನೆಲದ ಸುಣ್ಣಕಲ್ಲಿನಲ್ಲಿ ಹವಳ ಕಂಡರೆ ಅಲ್ಲಿ ಹಿಂದೆ ಸಮುದ್ರವಿತ್ತೆಂದು ತಿಳಿಯಬೇಕು. ಈ ಬಗೆಯ ಆಲೋಚನೆ ಹೊಸದಲ್ಲ. ಸಾವಿರ ವರ್ಷಗಳ ಹಿಂದೆಯೇ ಅಲ್ ಬಿರೂನಿಯವರು, ಬಾವಿ ತೋಡುವಾಗ ಸಿಗುವ ಚಿಪ್ಪುಗಳನ್ನು ಆಧರಿಸಿ, ಅರೇಬಿಯಾದ ಮರುಭೂಮಿ ಒಮ್ಮೆ ಸಮುದ್ರವಾಗಿತ್ತೆಂದು ಬರೆದಿದ್ದರು.

ಕಾಲ ತಿಳಿಯುವುದು ಹೇಗೆ? ಇಂಗ್ಲೆಂಡಿನ ಬ್ರಿಸ್ಟಲ್ ಬಳಿ ಏವನ್ ನದಿ ಸುಣ್ಣಕಲ್ಲನ್ನು ಸೀಳಿಕೊಂಡು ಹರಿಯುತ್ತದೆ. ಅಲ್ಲಿ ಯಾವ ಪದರದಲ್ಲಿ ಯಾವ ಜಾತಿಯ ಹವಳ, ಯಾವ ಚಿಪ್ಪು ಇದೆಯೆಂದು ಆರ್ಥರ್ ವಾನ್ ಎಂಬ ವಿಜ್ಞಾನಿ ಕ್ರಮವಾಗಿ ಗುರುತಿಸಿ 1905ರಲ್ಲಿ ಪ್ರಕಟಿಸಿದರು. ಅದೇ ಕ್ರಮ ಬೇರೆ ಊರಿನ ಕಲ್ಲಿನಲ್ಲೂ ಕಂಡರೆ ಎರಡೂ ಒಂದೇ ಕಾಲದವೆಂದು ಹೇಳಬಹುದು. ಇಂದು ಚಳಿಯ ನಾಡಾದ ಬ್ರಿಟನ್, ಸುಮಾರು 34 ಕೋಟಿ ವರ್ಷಗಳ ಹಿಂದೆ ಭೂಮಧ್ಯರೇಖೆಯ ಹತ್ತಿರವಿತ್ತು. ಅದರ ಬಹುಭಾಗವನ್ನು ಬೆಚ್ಚಗಿನ, ಆಳವಿಲ್ಲದ ಸಮುದ್ರ ಮುಚ್ಚಿತ್ತು.

ಇದಕ್ಕಿಂತ ಆಶ್ಚರ್ಯದ ಸಂಗತಿ ಇನ್ನೊಂದಿದೆ. ಕೆಲವು ಹವಳಗಳ ಮೇಲೆ ದಿನಕ್ಕೊಂದು ನವಿರಾದ ಗೆರೆ, ವರ್ಷಕ್ಕೊಂದು ಪಟ್ಟಿ ಮೂಡುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜಾನ್ ವೆಲ್ಸ್ ಎಣಿಸಿದಾಗ ಇಂದಿನ ಹವಳದಲ್ಲಿ ವರ್ಷಕ್ಕೆ ಸುಮಾರು 360 ಗೆರೆ ಸಿಕ್ಕವು. ಸುಮಾರು 38 ಕೋಟಿ ವರ್ಷ ಹಳೆಯ ಹವಳದಲ್ಲಿ ಸುಮಾರು 400! ವರ್ಷದ ಒಟ್ಟು ಅವಧಿ ಬದಲಾಗಿಲ್ಲ. ಹಾಗಾಗಿ ಅಂದಿನ ದಿನಕ್ಕೆ ಸುಮಾರು 22 ಗಂಟೆ ಮಾತ್ರ. ಚಂದ್ರನ ಸೆಳೆತದ ಉಬ್ಬರವಿಳಿತದಿಂದ ಭೂಮಿಯ ತಿರುಗುವಿಕೆ ನಿಧಾನವಾಗುತ್ತಿದೆಯೆಂದು ಖಗೋಳಶಾಸ್ತ್ರಜ್ಞರು ಮೊದಲೇ ಹೇಳಿದ್ದರು. ಕಲ್ಲಿನ ವಯಸ್ಸನ್ನು ವಿಕಿರಣ ಧಾತುಗಳಿಂದ ಬೇರೆಯವರು ಅಳೆದಿದ್ದರು. ಈ ಎರಡೂ ಲೆಕ್ಕಗಳಿಗೆ ಹವಳದ ಎಣಿಕೆ ತಾಳೆಯಾಯಿತು. 1963ರಲ್ಲಿ ವೆಲ್ಸ್ ಇದನ್ನು ಪ್ರಕಟಿಸಿದರು. ಒಬ್ಬರನ್ನೊಬ್ಬರು ಅರಿಯದ ಸಾಕ್ಷಿಗಳು ಒಂದೇ ಮಾತು ಹೇಳಿದರೆ ನಾವು ನಂಬುತ್ತೇವಲ್ಲವೇ?

ವಿದ್ಯಾರ್ಥಿಗಳೇ, ಎಣಿಕೆಗೆ ಮುಖ್ಯವಾಗಿ ಬೇಕಾದದ್ದು ತಾಳ್ಮೆ ಮತ್ತು ಹರಿತವಾದ ಕಣ್ಣು. ಪೋಷಕರಲ್ಲಿ ನನ್ನದೊಂದು ವಿನಂತಿ. ಮಗಳು ಒಂದು ಕಲ್ಲು ತಂದು “ಇದೇನು?” ಎಂದರೆ, “ಇದು ಪರೀಕ್ಷೆಗೆ ಬರುತ್ತದಾ?” ಎಂದು ಬಾಯಿ ಮುಚ್ಚಿಸಬೇಡಿ. ಡಾಕ್ಟರ್, ಇಂಜಿನಿಯರ್ ಬಿಟ್ಟು ಬೇರೆ ವಿದ್ಯೆಗಳೂ ಇವೆ. ಭೂವಿಜ್ಞಾನದ ತರಗತಿಯಲ್ಲಿ ನಮ್ಮ ಮಕ್ಕಳೂ ಕೂರಲಿ. ಸೃಷ್ಟಿಯ ಬಗ್ಗೆ ಚಿಂತಿಸಲು ಕುರ್‌ಆನ್ ನಮ್ಮನ್ನು ಮತ್ತೆ ಮತ್ತೆ ಕರೆಯುತ್ತದೆ. ಆ ಕರೆಗೆ ಓಗೊಡುವ ದಾರಿಗಳಲ್ಲಿ ಇದೂ ಒಂದು.