'ಸೇವ್ ಆಯಿತು' ಎಂದರೆ ಸೇವ್ ಆಯಿತೇ?



"ಬಿ.ಇ. ಓದಿ ದಿನಾ ಕಂಪ್ಯೂಟರ್ ಮುಂದೆ ಕೂತು ಏನ್ ಮಾಡ್ತಿಯಪ್ಪಾ?" ಎಂದು ನಮ್ಮ ಖೂಬಾ ಪ್ಲಾಟ್‌ನ ಹಿರಿಯರು ಕೇಳುತ್ತಿರುತ್ತಾರೆ. ನನ್ನ ಕೆಲಸದ ಒಂದು ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ. ಪರದೆಯ ಮೇಲೆ 'ಸೇವ್ ಆಯಿತು' ಎಂದು ಬಂದರೆ, ನಿಜವಾಗಿ ಸೇವ್ ಆಗಿದೆಯೇ?

ಇದು ಎಂಜಿನಿಯರುಗಳ ಪ್ರಶ್ನೆ ಮಾತ್ರವಲ್ಲ. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ರೈತರ ಪಹಣಿ 'ಭೂಮಿ' ಯೋಜನೆಯಿಂದ ಕಂಪ್ಯೂಟರಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಮಕ್ಕಳ ಸ್ಕಾಲರ್‌ಶಿಪ್ ಅರ್ಜಿಯೂ ಈಗ ಆನ್‌ಲೈನ್. ಬರೆಯುವುದು ಇಲ್ಲಿ, ಉಳಿಯುವುದು ದೂರದ ಸರ್ವರ್‌ನಲ್ಲಿ.

ದೂರದ ಕಂಪ್ಯೂಟರಿನ ಫೈಲನ್ನು ನಮ್ಮದೇ ಎಂಬಂತೆ ಬಳಸಲು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ಎನ್‌ಎಫ್‌ಎಸ್ ಎಂಬ ವ್ಯವಸ್ಥೆ ರೂಪಿಸಿತು. ಇದರಲ್ಲಿ ಅಪ್ಲಿಕೇಶನ್ 'ಬರೆ' ಎಂದಾಗ, ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್ ಅದನ್ನು ಮೆಮೊರಿಯಲ್ಲಿಟ್ಟುಕೊಂಡು 'ಆಯಿತು' ಎಂದುಬಿಡುತ್ತದೆ. ಇದು ಪತ್ರವನ್ನು ಅಂಚೆ ಡಬ್ಬಿಗೆ ಹಾಕಿದ ಹಾಗೆ. ಡಬ್ಬಿಗೆ ಬಿದ್ದಿದ್ದು ನಿಜ, ಮುಟ್ಟಿದ್ದು ಗೊತ್ತಿಲ್ಲ. ಮುಟ್ಟಿತೆಂದು ತಿಳಿಯಲು ಸಹಿಯಾದ ಸ್ವೀಕೃತಿ ಕಾರ್ಡ್ ವಾಪಸ್ ಬರಬೇಕು. ಕಂಪ್ಯೂಟರಿನಲ್ಲಿ ಆ ಕಾರ್ಡ್ ಕೇಳುವ ಆಜ್ಞೆಯ ಹೆಸರು 'ಎಫ್‌ಸಿಂಕ್'. ಸರ್ವರ್‌ನಲ್ಲಿ ಜಾಗ ಮುಗಿದಿದ್ದರೆ, ಡಿಸ್ಕ್ ಕೆಟ್ಟಿದ್ದರೆ, ಆ ಸುದ್ದಿ ಎಷ್ಟೋ ಸಲ ತಿಳಿಯುವುದು ಎಫ್‌ಸಿಂಕ್ ಕೇಳಿದಾಗ ಅಥವಾ ಫೈಲ್ ಮುಚ್ಚುವಾಗ. ಕೇಳದ ಅಪ್ಲಿಕೇಶನ್‌ಗೆ ತಿಳಿಯದೆಯೇ ಹೋಗಬಹುದು.

ನಡುವೆ ಸರ್ವರ್‌ಗೆ ಕರೆಂಟ್ ಹೋದರೆ? 1995ರ ಎನ್‌ಎಫ್‌ಎಸ್ ಮೂರನೇ ಆವೃತ್ತಿಯಲ್ಲಿ ಇದಕ್ಕೊಂದು ಉಪಾಯವಿದೆ. ಸರ್ವರ್ ತನ್ನ ಉತ್ತರದ ಜೊತೆ ಒಂದು ಗುರುತಿನ ಸಂಖ್ಯೆ ಕಳಿಸುತ್ತದೆ. ಸರ್ವರ್ ಬಂದ್ ಆಗಿ ಮತ್ತೆ ಶುರುವಾದರೆ ಆ ಸಂಖ್ಯೆ ಬದಲಾಗುತ್ತದೆ. ಅದನ್ನು ಕಂಡ ನಮ್ಮ ಕಂಪ್ಯೂಟರ್, ಡಿಸ್ಕಿಗೆ ಸೇರಿದ ಖಾತ್ರಿಯಿಲ್ಲದ ಭಾಗವನ್ನು ಮತ್ತೊಮ್ಮೆ ಕಳಿಸುತ್ತದೆ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಪೋಸ್ಟ್‌ಗ್ರೆಸ್ ಎಂಬ ಜಗತ್ಪ್ರಸಿದ್ಧ ಡೇಟಾಬೇಸ್, ಎಫ್‌ಸಿಂಕ್ ವಿಫಲವಾದರೆ ಮತ್ತೊಮ್ಮೆ ಕೇಳಿದರಾಯಿತು ಎಂದು ನಂಬಿತ್ತು. ಆದರೆ ಲಿನಕ್ಸ್ ತಪ್ಪನ್ನು ಒಮ್ಮೆ ಹೇಳಿ ಮರೆತುಬಿಡಬಹುದು. ಎರಡನೇ ಸಲ 'ಎಲ್ಲಾ ಸರಿ' ಎನ್ನಬಹುದು, ಮಾಹಿತಿ ಮಾತ್ರ ಡಿಸ್ಕಿನಲ್ಲಿ ಇರುವುದಿಲ್ಲ. ಇದು 2018ರಲ್ಲಿ ಬಯಲಾಯಿತು. 2019ರ ಫೆಬ್ರವರಿಯಿಂದ ಪೋಸ್ಟ್‌ಗ್ರೆಸ್, ಮೊದಲ ತಪ್ಪಿಗೇ ಕೆಲಸ ನಿಲ್ಲಿಸಿ, ತನ್ನ ದಿನಚರಿ ಪುಸ್ತಕದಂಥ ಲಾಗ್‌ನಿಂದ ಎಲ್ಲವನ್ನೂ ಮತ್ತೆ ಕಟ್ಟಿಕೊಳ್ಳುತ್ತದೆ. ಸುಳ್ಳು ಸಮಾಧಾನಕ್ಕಿಂತ ನಿಂತುಬಿಡುವುದು ಲೇಸು.

ವಿದ್ಯಾರ್ಥಿಗಳೇ, ಅರ್ಜಿ ತುಂಬಿದ ಮೇಲೆ ಅರ್ಜಿ ಸಂಖ್ಯೆ ಬರೆದಿಟ್ಟುಕೊಳ್ಳಿ, ಮರುದಿನ ಮತ್ತೆ ತೆರೆದು ನೋಡಿ. ನಿಮ್ಮಲ್ಲಿ ಕೆಲವರು ಮುಂದೆ ಇಂಥ ಸಾಫ್ಟ್‌ವೇರ್ ಬರೆಯುತ್ತೀರಿ. ಸ್ವೀಕೃತಿ ಬರುವವರೆಗೆ ಪರದೆಯ ಮೇಲೆ 'ಸೇವ್ ಆಯಿತು' ಎಂದು ತೋರಿಸಬೇಡಿ. ಆ ಎರಡು ಶಬ್ದ ನಂಬಿ ರೈತರೊಬ್ಬರು ದಿನದ ಕೂಲಿ ಬಿಟ್ಟು ಬಂದವರು ನಿಶ್ಚಿಂತೆಯಿಂದ ಬಸ್ ಹತ್ತುತ್ತಾರೆ.

ಲೆಕ್ಕ ಬಿಡಿಸಿದ ಮೇಲೆ ತಾಳೆ ನೋಡಬೇಕು ಎಂದು ಕಲಿಸಿದ್ದು ಈ ಸಾಲಿ. ನನ್ನ ವೃತ್ತಿಯೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ.